ಹೊರಡುವ ಮೊದಲೇ ನಿಂತುಹೋದ ವರದಿ

ಪ್ರೀತಿಯ ಗುಬ್ಬಿ,

ಫೋನ್ ಎತ್ತುವುದಿಲ್ಲ, ಮೆಸೇಜು ತೆರೆಯುವುದಿಲ್ಲ, ದೊಡ್ಡಮ್ಮನ ಮನೆ ಸೇರಿಕೊಂಡು ಯಾರ ಹತ್ತಿರವೂ ಮಾತಿಲ್ಲ. ಅದಕ್ಕೇ ಕೊರಿಯರ್‌ನಲ್ಲಿ ಈ ಕಾಗದ. ನಾದಿನಿಯನ್ನು ಗೋಳುಹೊಯ್ದುಕೊಳ್ಳುವ ಹಕ್ಕು ಅತ್ತಿಗೆಗೆ ಇದ್ದೇ ಇದೆ, ಅದನ್ನು ನಾನು ಸುಮ್ಮನೆ ಬಿಟ್ಟುಕೊಡುವವಳಲ್ಲ. ಪೂರ್ತಿ ಓದಿ ಆಮೇಲೆ ಬೇಕಾದರೆ ಹರಿದು ಹಾಕು.

ಈ ಕೋಡ್ ಬರೆಯುವ ಕೆಲಸಕ್ಕೆ ಇನ್ನು ಜನ್ಮದಲ್ಲಿ ಕೈ ಹಾಕುವುದಿಲ್ಲ ಎಂದೆಯಂತೆ. ಯಾಕೆಂದು ನನಗೆ ಗೊತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯಲು ವ್ಯಾನು ಗೊತ್ತುಮಾಡುವ ನಮ್ಮ ಪುಟ್ಟ ಕಚೇರಿಯಲ್ಲಿ ಮನುಷ್ಯರಿಗಿಂತ ಹೆಚ್ಚು ದುಡಿಯುವುದು ಕ್ಲೌಡ್‌ನಲ್ಲಿರುವ ಫಂಕ್ಷನ್‌ಗಳೆಂಬ ಪುಟ್ಟ ಪ್ರೋಗ್ರಾಮುಗಳು. ಒಂದು ಸರದಿ ನೋಡುತ್ತದೆ, ಒಂದು ವ್ಯಾನು ಕೇಳುತ್ತದೆ, ಒಂದು ರೋಗಿಗೆ ತಿಳಿಸುತ್ತದೆ. ವ್ಯಾನು ಕೇಳುವುದು ನೀನು ಬರೆದದ್ದು. ಅವತ್ತು ವ್ಯಾನಿನವರ ಕಡೆಯಿಂದ ಉತ್ತರವೇ ಬರಲಿಲ್ಲ, ಅದು ನಮಗಾರಿಗೂ ತಿಳಿಯಲಿಲ್ಲ. ಅವತ್ತು ಡಯಾಲಿಸಿಸ್ ಸರದಿಯಿದ್ದ ಆ ದರ್ಜಿ ಯಜಮಾನರು ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕಾದರು. ಸಂಜೆಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು.

ಮರುದಿನದ ಮೀಟಿಂಗಿನಲ್ಲಿ ನೀನು ಹೇಳಿದ್ದು ಒಂದೇ ಮಾತು: "ತಪ್ಪಾದ್ರೆ ನಮಗೆ ಗೊತ್ತಾಗ್ಲಿ ಅಂತ ನಾನು ಫಂಕ್ಷನ್ನಿನಲ್ಲೇ ವರದಿ ಹಾಕಿದ್ದೆ." ಯಜಮಾನಪ್ಪ ಗೋಡೆಯ ಪರದೆ ತೋರಿಸಿ, "ಎಲ್ಲಿದೆ ತೋರಿಸಮ್ಮ? ಎಲ್ಲಾ ಹಸಿರಾಗಿದೆ, ತಪ್ಪಿನ ವರದಿ ಬಂದಿದ್ರೆ ಕೆಂಪಾಗ್ತಿತ್ತು. ಹಾಕಿದ್ರೆ ತಾನೇ ಬರೋದು" ಎಂದ. (ಬಾಸ್ ಅನ್ನುವ ಪದ ಅವನ ಮುಖಕ್ಕೆ ಒಗ್ಗುವುದಿಲ್ಲ ಎಂದು ಈ ಹೆಸರಿಟ್ಟವಳು ನೀನೇ.) ನಾನು ಎದ್ದು ನಿಂತು, ಇವಳು ಹಾಕಿದ್ದೀನಿ ಅಂದ್ರೆ ಹಾಕಿರ್ತಾಳೆ ಎಂದೆ. ಎಲ್ಲರೂ ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಅತ್ತಿಗೆಯ ಸಾಕ್ಷಿಗೆ ಅಲ್ಲಿ ಕಾಸಿನ ಬೆಲೆಯಿಲ್ಲ. ನಿನ್ನ ಮುಖ ಇಳಿದುಹೋಯಿತು.

ನೀನು ಹೋದ ಮೇಲೆ, ತಪ್ಪುಗಳ ಮೇಲೆ ಕಣ್ಣಿಡುವ ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ಬಂತು ಅನ್ನುವುದೇನು, ಜಗಳವಾಡಿ ಕಿತ್ತುಕೊಂಡೆ. ಪ್ರತಿ ರೋಗಿಯ ಸರದಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟೆ. ಒಂದು ಫಂಕ್ಷನ್ ಇನ್ನೊಂದಕ್ಕೆ ಕೆಲಸ ದಾಟಿಸುವಾಗ ಆ ಸಂಖ್ಯೆಯನ್ನೂ ದಾಟಿಸಬೇಕು. ಆಗ ಒಬ್ಬರ ಕೆಲಸ ಎಲ್ಲಿಂದ ಹೊರಟು ಎಲ್ಲಿ ಮುಗ್ಗರಿಸಿತು ಎನ್ನುವುದು ಪರದೆಯ ಮೇಲೆ ಒಂದೇ ಗೆರೆಯಲ್ಲಿ ಕಾಣುತ್ತದೆ. ಆಮೇಲೆ ನಿನ್ನ ಫಂಕ್ಷನ್ನಿಗೆ, ಪರೀಕ್ಷೆಗೆಂದು, ವ್ಯಾನಿನವರ ವಿಳಾಸವನ್ನು ಬೇಕೆಂದೇ ತಪ್ಪಾಗಿ ಕೊಟ್ಟೆ.

ಗೆರೆ ನಿನ್ನ ಫಂಕ್ಷನ್ ತನಕ ಬಂತು. ವ್ಯಾನು ಸಿಗಲಿಲ್ಲ ಎಂದು ಅದಕ್ಕೆ ತಿಳಿಯಿತು. ವರದಿ ಕಳುಹಿಸಲು ಶುರುಮಾಡಿತು. ಅಲ್ಲಿಗೆ ನಿಂತಿತು. ಪರದೆ ಮಾತ್ರ ಹಸಿರು ಹಸಿರು.

ನಿಮ್ಮಣ್ಣನಿಗೆ ಬಿಡಿಸಿ ಹೇಳಿದಂತೆಯೇ ನಿನಗೂ ಹೇಳುತ್ತೇನೆ. ಈ ಫಂಕ್ಷನ್‌ಗಳು ಕರೆದಾಗ ಏಳುತ್ತವೆ, "ಮುಗೀತು" ಎಂದ ಕ್ಷಣವೇ ನಿದ್ದೆಗೆ ಜಾರುತ್ತವೆ. ನಿನ್ನದು ವರದಿಯನ್ನು ಕೈಗೆತ್ತಿಕೊಂಡಿತ್ತು, ಅದು ಹೊರಟು ಹೋಗುವಷ್ಟು ಹೊತ್ತು ಕಾಯದೆ "ಮುಗೀತು" ಎಂದುಬಿಟ್ಟಿತು. ವರದಿ ಕೈಯಲ್ಲಿದ್ದಂತೆಯೇ ನಿದ್ದೆ ಹೋಯಿತು. ನಿನ್ನ ಲ್ಯಾಪ್‌ಟಾಪಿನಲ್ಲಿ ಹಾಗೆ ಯಾರೂ ಮಲಗಿಸುವುದಿಲ್ಲ, ಅಲ್ಲಿ ವರದಿ ಸಲೀಸಾಗಿ ಹೋಗಿತ್ತು. ನಿಮ್ಮಣ್ಣ ಈಜುಕೊಳದಿಂದ ಆಗಷ್ಟೇ ಬಂದು ತಲೆ ಒರೆಸಿಕೊಳ್ಳುತ್ತಿದ್ದವನು, "ಅಂದ್ರೆ ನಮ್ಮ ಹುಡುಗಿ ಕೂಗೋಕೆ ಬಾಯಿ ತೆಗೆದಿದ್ಲು, ಅಲ್ವಾ?" ಎಂದು ಕೇಳಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ನಿನಗೆ ಬೆಣ್ಣೆ ಹಚ್ಚುವುದಿಲ್ಲ. ವರದಿ ಹೋಗುವ ತನಕ ಕಾಯು ಎನ್ನುವ ಒಂದು ಸಾಲು ನೀನು ಬರೆಯಬೇಕಿತ್ತು, ಬರೆದಿರಲಿಲ್ಲ. ಆದರೆ ನಿನ್ನ ಕೋಡನ್ನು ಓದಿ ಒಪ್ಪಿದವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಯಾರಿಗೂ ಗೊತ್ತಿಲ್ಲದ ವಿಷಯಕ್ಕೆ ನಿನ್ನೊಬ್ಬಳನ್ನು ಸುಳ್ಳಿ ಮಾಡಿದರು, ನನಗೆ ನುಂಗಲಾಗದ್ದು ಅದು.

ಆ ಸಾಲು ಸೇರಿಸಿ ಮತ್ತೆ ಪರೀಕ್ಷೆ ಮಾಡಿದೆ, ಯಜಮಾನಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು. ಪರದೆ ಕೆಂಪಾಯಿತು. ಕೆಂಪಿನ ಕೆಳಗೆ ನೀನು ಬರೆದಿಟ್ಟಿದ್ದ ಮಾತು ಬಂತು: "ಇವರಿಗೆ ವ್ಯಾನು ಸಿಕ್ಕಿಲ್ಲ. ಇವರು ಬಾಗಿಲಲ್ಲಿ ಕಾಯುತ್ತಿರಬಹುದು. ದಯವಿಟ್ಟು ಯಾರಾದರೂ ಈಗಲೇ ಫೋನ್ ಮಾಡಿ." ಇಂಥ ಕಡೆ ಬೇರೆಯವರು ಒಂದು ಒಣ ಎರರ್ ಸಂಖ್ಯೆ ಬರೆದು ಕೈ ತೊಳೆದುಕೊಳ್ಳುತ್ತಾರೆ. ಯಜಮಾನಪ್ಪ ಅದನ್ನು ಓದಿ, "ಅವಳ ಮಾತು ನಾನು ಕೇಳಬೇಕಿತ್ತು" ಎಂದ. ನಿನಗೆ ಖುದ್ದಾಗಿ ಬರೆಯುತ್ತಾನಂತೆ. ಬರೆಯಲಿ, ಸುಲಭಕ್ಕೆ ಕರಗಬೇಡ. ದರ್ಜಿ ಯಜಮಾನರು ಚೇತರಿಸಿಕೊಂಡು ಮನೆಗೆ ಬಂದಿದ್ದಾರೆ, ಹೊಲಿಗೆ ಯಂತ್ರದ ಮುಂದೆ ಕೂತು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದಾರೆ. ನಾನೇ ಹೋಗಿ ನೋಡಿ ಬಂದೆ.

ನಿನ್ನೆ ಪರೀಕ್ಷೆಯಲ್ಲ, ನಿಜವಾಗಿಯೇ ಪರದೆ ಕೆಂಪಾಯಿತು. ಒಂಟಿಯಾಗಿರುವ ಒಬ್ಬ ಅಜ್ಜಿ, ಹಿಂದೆ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದವರು. ನಿನ್ನ ಮಾತು ಓದಿದ ತಕ್ಷಣ ಫೋನ್ ಮಾಡಿದೆ, ಟ್ಯಾಕ್ಸಿ ಹಿಡಿದು ನಾನೇ ಕರೆದುಕೊಂಡು ಹೋದೆ. ಸಮಯಕ್ಕೆ ಸರಿಯಾಗಿ ತಲುಪಿದೆವು. ದಾರಿಯಲ್ಲಿ ಅಜ್ಜಿ, "ವ್ಯಾನು ಬರಲ್ಲ ಅಂತ ನನಗೇ ಗೊತ್ತಿರ್ಲಿಲ್ಲ, ನಿನಗೆ ಯಾರಮ್ಮ ಹೇಳಿದ್ರು?" ಎಂದರು.

"ನಮ್ಮ ನಾದಿನಿ" ಎಂದೆ.

"ಒಳ್ಳೇ ಹುಡುಗಿ. ಚೆನ್ನಾಗಿದ್ದಾಳಾ?"

ಆಸ್ಪತ್ರೆ ಬಂತು ಅಜ್ಜಿ, ಇಳಿಯಿರಿ ಎಂದು ಮಾತು ಮರೆಸಿದೆ, ಗುಬ್ಬಿ. ನಾಡಿದ್ದು ಅವರನ್ನು ಮತ್ತೆ ಕರೆದುಕೊಂಡು ಹೋಗಬೇಕು. ಕೇಳದೆ ಬಿಡುವವರಲ್ಲ. ಅಷ್ಟರೊಳಗೆ ನನಗೊಂದು ಉತ್ತರ ಕೊಡು.

ನಿನಗೆ ಒಳ್ಳೆಯದಾಗಲಿ, ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡುವಂತಾಗಲಿ.

ಎಂದೂ ನಿನ್ನ ಕಡೆಯವಳೇ ಆದ,
ಅತ್ತಿಗೆ