ಮೂರನೆಯ ಕೂಗು

ಸೆಪ್ಟೆಂಬರ್ 28, ಸೋಮವಾರ. ಬೆಳಿಗ್ಗೆ 7

ಈ ಮನೆಗೆ ಹಿರಿಯಳು ನಾನು. ವಯಸ್ಸು ಅರವತ್ತೇಳು. ಹೈಸ್ಕೂಲು ಮುಗಿಸಿದ್ದೇನೆ, ಅದೂ ಫಸ್ಟ್ ಕ್ಲಾಸಿನಲ್ಲಿ. ಮೂವತ್ತೆಂಟು ವರ್ಷದಿಂದ ಊರಿನ ಅರ್ಧದಷ್ಟು ಮಕ್ಕಳು ಮನೆಯ ಮುಂಭಾಗದ ನನ್ನ ಹೊಲಿಗೆ ಅಂಗಡಿಯಲ್ಲಿ ಹೊಲಿದ ಯೂನಿಫಾರ್ಮನ್ನೇ ತೊಟ್ಟು ಶಾಲೆಗೆ ಹೋಗಿದ್ದಾರೆ. ಟೇಪು ಹಿಡಿಯದೆ ಮೈಯಳತೆ ಹೇಳಬಲ್ಲೆ. ಗೇಟಿನ ಬೀಗದ ಕೈ ಸದಾ ನನ್ನ ಸೊಂಟದಲ್ಲಿ. ನನ್ನ ಮಾತಿಗೆ ಮನೆಯಲ್ಲಿ ಎದುರು ಮಾತಿಲ್ಲ.

ಕೊರೋನಾ ಬಂದಾಗಿನಿಂದ ದಿನವೂ ಮಾಡುವಂತೆ ಎಲ್ಲರ ಜ್ವರ ನೋಡಿ ಬರೆದದ್ದಾಯಿತು. ಮಗ 97.8. ಸೊಸೆ 98.1. ಮೊಮ್ಮಗಳು 97.9. ಪುಟ್ಟಿ — ನೋಡಿಲ್ಲ. ಆರಕ್ಕೇ ಗೇಟು ತೆಗೆಸಿಕೊಂಡು ಹೋದಳು.

"ಐವತ್ತೆರಡನೇ ವಯಸ್ಸಲ್ಲಿ ಚಿಕ್ಕತ್ತೆ ಓಡಿಹೋಗ್ತಿದ್ದಾರೆ, ನೋಡಿ ಅತ್ತೆ," ಎಂದು ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ.

ಪುಟ್ಟಿ ನನ್ನ ತಂಗಿ. ಅವಳಿಗೆ ಆರು ತುಂಬಿದಾಗ ಅಮ್ಮ ಹೋದಳು. ನನಗಾಗ ಇಪ್ಪತ್ತೊಂದು. ಜಡೆ ಹಾಕಿದ್ದು, ಓದಿಸಿದ್ದು ನಾನು. ಮದುವೆಯಾಗಿ ಬರುವಾಗ ಕೈ ಹಿಡಿದು ಜೊತೆಗೇ ಕರೆತಂದೆ. ಅವಳು ಮದುವೆಯಾಗಲಿಲ್ಲ. ಅಂಗಡಿಯ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಅವಳದೇ ಕೈಯದು. ಮಷೀನೂ ನಾಚಬೇಕು.

ಪ್ರತಿ ವರ್ಷ ಎಲೆ ಉದುರುವ ಹೊತ್ತಿಗೆ ಇವಳಿಗೊಂದು ಹೊಸ ಹುಚ್ಚು. ಒಂದು ವರ್ಷ ಸ್ವೆಟರ್ ಹೆಣೆದಳು. ಒಂದೇ ತೋಳು ಮುಗಿಯಿತು, ಉಣ್ಣೆ ಉಂಡೆ ಅಟ್ಟ ಸೇರಿತು. ಇನ್ನೊಂದು ವರ್ಷ ಮೇಣದಬತ್ತಿ. ಮತ್ತೊಂದು ವರ್ಷ ಹಕ್ಕಿಗಳ ಚಿತ್ರ. ಚಳಿ ಬರುವಷ್ಟರಲ್ಲಿ ಎಲ್ಲ ಬಿಟ್ಟಾಯಿತು. ಈ ಸಲ ಓಟ. ಇದೂ ಬಿಡುತ್ತದೆ ಅಂದುಕೊಂಡಿದ್ದೇನೆ.

ಅಕ್ಟೋಬರ್ 3, ಶನಿವಾರ

ಮಹಡಿಯ ಮೇಲಿಂದ ನೋಡಿದೆ. ಮೂವರು. ಮುಂದೆ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನಡುವೆ ಪುಟ್ಟಿ. ಕೊನೆಗೆ ಮದ್ದಿನಂಗಡಿಯವಳು. ಒಬ್ಬಳು 'ಲೈಬ್ರರಿ', ಇನ್ನೊಬ್ಬಳು 'ಮಾತ್ರೆ'. ಅವರವರೇ ಇಟ್ಟುಕೊಂಡ ಹೆಸರು.

ಹತ್ತಿರ ಓಡಕೂಡದೆಂದು ಕಟ್ಟಳೆ. ಹತ್ತು ಹೆಜ್ಜೆ ಅಂತರ. ಬೆಳಗಿನ ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೇ ಪ್ರತಿ ತಿರುವಿನಲ್ಲೂ ಕೂಗುತ್ತಾರೆ, ಸರದಿ ಪ್ರಕಾರ.

"ಇದ್ದೀನಿ!"

"ಇದ್ದೀನಿ!"

"ಇದ್ದೀನೀ!"

ಮೂರನೆಯದು ಮಾತ್ರೆಯದು. ರಾಗ ಎಳೆಯುತ್ತಾಳೆ. ಆಮೇಲೆ ಮೂವರೂ ನಗುತ್ತಾರೆ. ಬೀದಿಗೆಲ್ಲ ಕೇಳುವ ಹಾಗೆ.

ಬಂದ ಮೇಲೆ ಪುಟ್ಟಿಯನ್ನು ಕೇಳಿದೆ. "ಹೆಂಗಸರು ಬೀದೀಲಿ ಹಾಗೆ ಕೂಗೋದಾ?"

"ಕೂಗದಿದ್ರೆ ಯಾರು ಎಲ್ಲಿ ಬಿದ್ರು ಅಂತ ಹೇಗೆ ಗೊತ್ತಾಗಬೇಕು ಅಕ್ಕ?"

"ಬೀಳೋ ವಯಸ್ಸಿನವರು ಓಡಬಾರದು."

ಪುಟ್ಟಿ ಜೇಬಿನಿಂದ ಒಂದು ಕೆಂಪು ಎಲೆ ತೆಗೆದು ಮೊಮ್ಮಗಳಿಗೆ ಕೊಟ್ಟಳು. ದಿನಾ ಒಂದು ತರುತ್ತಾಳೆ. ಮಗು ಅದನ್ನು ಅಂಗಡಿಯ ಹಳೆಯ ಅಳತೆ ಪುಸ್ತಕದಲ್ಲಿ ಅಂಟಿಸಿ ಕೆಳಗೆ ತಾರೀಕು ಬರೆಯುತ್ತದೆ. ಶಾಲೆಯಿಲ್ಲ. ಯೂನಿಫಾರ್ಮಿಲ್ಲ. ಆ ಪುಸ್ತಕಕ್ಕೆ ಬೇರೇನು ಕೆಲಸ...

ಅಕ್ಟೋಬರ್ 9, ಶುಕ್ರವಾರ

ಮಾತ್ರೆ ಗೇಟಿನ ಹೊರಗೆ ನಿಂತು ಷೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಎದೆ ಮೂವತ್ತೆಂಟು. ಗಟ್ಟಿ ಹೆಂಗಸು.

"ಏನಕ್ಕ, ನೀವೂ ಬನ್ನಿ. ನಿಮ್ಮನ್ನ ಮುಂದೆ ಬಿಡ್ತೀವಿ. ನೀವು ಗದರಿದ್ರೆ ಮಂಜೂ ಸರಿಯತ್ತೆ."

"ನನಗೆ ಮನೇಲಿ ಕೆಲಸ ಇದೆಯಮ್ಮ."

"ನಮಗಿಲ್ವಾ? ದಿನಕ್ಕೆ ನೂರು ಜನ ಬಂದು ನನ್ನ ಮುಖಕ್ಕೇ ಕೆಮ್ಮಿ ಹೋಗ್ತಾರೆ. ಈ ಒಂದು ಗಂಟೆ ಇಲ್ದಿದ್ರೆ ನಾನು ಅವರಿಗೆ ಮಾತ್ರೆ ಬದ್ಲು ಏಟು ಕೊಡ್ತಿದ್ದೆ."

ಪುಟ್ಟಿ ಬಾಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು. ನಮ್ಮ ಮನೆಯೊಳಗೆ ಅವಳು ಹಾಗೆ ನಕ್ಕಿದ್ದು ನೆನಪಿಲ್ಲ.

ನೂರು ಜನ ಕೆಮ್ಮುತ್ತಾರಂತೆ. ಅದೇ ಕಿವಿಯಲ್ಲಿ ಕೂತಿದೆ. ಹಿಂದಿನ ಬೀದಿಯಿಂದ ನಿನ್ನೆ ಇಬ್ಬರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು.

ಅಕ್ಟೋಬರ್ 12, ಸೋಮವಾರ. ಮಧ್ಯಾಹ್ನ

ಮುಗಿಸಿದೆ. ಬಾಯಿಮಾತಿಗೆ ನಿಲ್ಲುವವಳಲ್ಲ ಪುಟ್ಟಿ. ಬೀಗ ಹಾಕಿದರೆ ಗೋಡೆ ಹಾರುತ್ತಾಳೆ. ಬೇರೆ ದಾರಿ ಹುಡುಕಿದೆ.

ಮಾತ್ರೆಗೆ ಫೋನು ಮಾಡಿದೆ. "ಪುಟ್ಟಿಗೆ ನಿನ್ನ ಜೊತೆ ಓಡೋಕೆ ಭಯ ಕಣಮ್ಮ. ನಿನ್ನ ಅಂಗಡೀಲಿ ರೋಗದವರೇ ಬರ್ತಾರಲ್ಲ. ಬಾಯಿ ಬಿಟ್ಟು ಹೇಳೋಕೆ ಸಂಕೋಚ. ನೀನಾಗೇ ಅವಳನ್ನ ಕರೆಯೋದು ಬಿಟ್ಬಿಡು, ಅವಳ ಹತ್ರ ಇದನ್ನ ಎತ್ತಬೇಡ."

ಅಂಗಡಿಯ ಗದ್ದಲದಿಂದ ಅವಳು ಆಚೆ ಬಂದದ್ದು ಕೇಳಿಸಿತು. ಆಮೇಲೆ, "ಸರಿ ಅಕ್ಕ. ಮೊದಲೇ ಹೇಳಿದ್ರೆ ನಾನೇ ಬಿಡ್ತಿದ್ನಲ್ಲ."

ಪುಟ್ಟಿಗೆ ಹೇಳಿದ್ದು ಬೇರೆ. "ಮಾತ್ರೆ ಫೋನ್ ಮಾಡಿದ್ಲು. ನೀನು ನಿಧಾನ ಅಂತೆ. ನಿನಗೋಸ್ಕರ ನಿಂತೂ ನಿಂತೂ ಅವರ ಓಟ ಕೆಡುತ್ತಂತೆ."

"ಅವಳೇ ಅಂದ್ಲಾ?"

"ಮತ್ತೆ? ನಾನು ಕಥೆ ಕಟ್ತೀನಾ?"

ಇವಳು ಫೋನು ಮಾಡಿ ಕೇಳುವವಳಲ್ಲ. ಮೊಬೈಲು ಹೇಗೂ ಹಗಲೆಲ್ಲ ಮೊಮ್ಮಗಳ ಆನ್‌ಲೈನ್ ಕ್ಲಾಸಿಗೆ. ಅದಿರಲಿ, ಬಿಗುಮಾನದಲ್ಲಿ ನನ್ನ ತಂಗಿಯೇ. ಬಟ್ಟೆ ಎಲ್ಲಿ ಸವೆದಿದೆ ಎಂದು ಗೊತ್ತಿದ್ದೇ ಕತ್ತರಿ ಇಟ್ಟೆ.

ಒಳ್ಳೆಯದಕ್ಕೇ.

ಅಕ್ಟೋಬರ್ 13

ಬೆಳಿಗ್ಗೆ ಎರಡೇ ಕೂಗು. ನಮ್ಮ ಗೇಟಿನ ಮುಂದೆ ಕೂಗಲಿಲ್ಲ. ತಿರುವು ದಾಟಿದ ಮೇಲೆ ಕೂಗಿದರು.

ಪುಟ್ಟಿ ಷೂ ತೊಳೆದು ಹಿತ್ತಲ ತಂತಿಗೆ ಹಾಕಿದ್ದಾಳೆ.

ಅಕ್ಟೋಬರ್ 20

ಪುಟ್ಟಿ ಅಂಗಡಿಯಲ್ಲಿ ಕೂತು ಕಾಜಾ ಮಾಡುತ್ತಾಳೆ. ಯಾರೂ ಕೇಳದ ಯೂನಿಫಾರ್ಮುಗಳಿಗೆ. ಎಂಟು ಮಷೀನಿಗೂ ಮುಸುಕು ಹಾಕಿದೆ. ಅವಳೊಬ್ಬಳ ಸೂಜಿ ಓಡುತ್ತದೆ.

ಜ್ವರ 97.6. ದಿನವೂ ನೋಡಲು ಸಿಗುತ್ತಾಳೆ ಈಗ.

ಅಕ್ಟೋಬರ್ 27, ಮಂಗಳವಾರ

ಒಂದೇ ಕೂಗು. ಲೈಬ್ರರಿಯದು. ಅಭ್ಯಾಸಕ್ಕೆ ಕೂಗಿದಳೇನೋ. ಕೂಗಿ ತಿರುವಿನಲ್ಲಿ ನಿಂತಳು, ಹಿಂದೆ ಯಾರೋ ಇದ್ದಾರೆಂಬಂತೆ. ಯಾರೂ ಇಲ್ಲ. ನಡೆದುಕೊಂಡು ಹೋದಳು.

ಪುಟ್ಟಿ ಅಡುಗೆಮನೆ ಕಿಟಕಿಯಲ್ಲಿ ಇದ್ದಳು. ಎಣಿಸುತ್ತಿದ್ದಳು ಎಂದು ಗೊತ್ತಾಯಿತು.

"ಇನ್ನೊಬ್ಬಳು ಸೋಮಾರಿ ಆದ್ಲು," ಎಂದಳು. ಎಷ್ಟು ಕಹಿ ಅವಳ ದನಿಯಲ್ಲಿ. ಅದನ್ನು ನಾನೇ ಬೆರೆಸಿದ್ದು.

ನವೆಂಬರ್ 2, ಸೋಮವಾರ. ಬೆಳಿಗ್ಗೆ 11

ಹಜಾರದ ಲ್ಯಾಂಡ್‌ಲೈನಿಗೆ ಫೋನು ಬಂತು. ನಾನೇ ಎತ್ತಿದೆ. ಲೈಬ್ರರಿ.

ಮಾತ್ರೆ ಆಸ್ಪತ್ರೆಯಲ್ಲಿ. ಎಂಟು ದಿನವಾಯಿತು. ಆಕ್ಸಿಜನ್ ಹಾಕಿದ್ದಾರೆ. ಮಾತಾಡಲು ಕಷ್ಟ. ಪುಟ್ಟಿಗೆ ಒಂದು ಮಾತು ಮುಟ್ಟಿಸಲು ಹೇಳಿದಳಂತೆ.

"ಏನು ಮಾತು?"

"ಅವಳು ಹೆದರಿದ್ದು ಸರಿಯಾಗೇ ಇತ್ತು ಅಂತ ಹೇಳು ಅಂದ್ಲು ಅಕ್ಕ. ಅವಳ ಮೇಲೆ ಬೇಜಾರಿಲ್ಲ ಅಂದ್ಲು. ಅಷ್ಟೇ. ಏನು ಅಂತ ನನಗೆ ಅರ್ಥ ಆಗಲಿಲ್ಲ."

ನನಗೆ ಆಯಿತು.

"ಹೇಳ್ತೀನಿ," ಎಂದು ಇಟ್ಟೆ. ಪುಟ್ಟಿ ಹತ್ತು ಮಾರು ದೂರದಲ್ಲೇ ಕೂತು ಕಾಜಾ ಮಾಡುತ್ತಿದ್ದಳು. ಆ ಮಾತು ಮುಟ್ಟಿಸಿದರೆ ನನ್ನ ಸುಳ್ಳೂ ಜೊತೆಯಲ್ಲೇ ಹೊರಗೆ ಬರುತ್ತದೆ.

"ಯಾರಕ್ಕ ಫೋನು?"

"ದಾರದ ಅಂಗಡಿಯವನು."

ನವೆಂಬರ್ 3

ಹೇಳಲಿಲ್ಲ.

ನವೆಂಬರ್ 4

ಹೇಳಲಿಲ್ಲ. ಇವತ್ತು ಹೇಳಬೇಕೆಂದೇ ಎದ್ದಿದ್ದೆ.

ನವೆಂಬರ್ 14, ಶನಿವಾರ

ಹತ್ತು ದಿನ ಬರೆಯಲಿಲ್ಲ. ಜ್ವರದ ಪಟ್ಟಿ ಮಾತ್ರ.

ಮೊಮ್ಮಗಳು ಎಲೆ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಒಂದೊಂದು ಪುಟಕ್ಕೆ ಒಂದೊಂದು ಎಲೆ. ಎಡಗಡೆ ನನ್ನ ಹಳೆಯ ಅಕ್ಷರ: ಎದೆ ಇಪ್ಪತ್ತಾರು, ತೋಳು ಹದಿನೇಳು. ಬಲಗಡೆ ಹಳದಿ, ಕಂದು, ಕೆಂಪು.

"ಅಜ್ಜಿ, ಅಕ್ಟೋಬರ್ ಹನ್ನೆರಡರ ಆಮೇಲೆ ಎಲ್ಲಾ ಖಾಲಿ. ಚಿಕ್ಕಜ್ಜಿ ಯಾಕೆ ತರಲ್ಲ?"

"ಮರದಲ್ಲಿ ಎಲೆ ಮುಗೀತು ಮಗು."

"ಸುಳ್ಳು. ಇನ್ನೂ ಬೀಳ್ತಾನೇ ಇದೆ. ಕಿಟಕೀಲಿ ಕಾಣ್ಸತ್ತೆ."

ಎಂಟು ವರ್ಷದ ಮಗುವಿಗೆ ಗೊತ್ತಾಗುವ ಸುಳ್ಳು. ಅಷ್ಟು ಕೆಟ್ಟು ಹೋಗಿದೆ ನನ್ನ ಕೈ.

ನವೆಂಬರ್ 21, ಶನಿವಾರ

ಮದ್ದಿನಂಗಡಿಗೆ ನಾನೇ ಹೋದೆ. ಕೌಂಟರಿನಲ್ಲಿ ಯಾರೋ ಹೊಸಬ. ಆಕೆ ಮನೆಗೆ ಬಂದು ಎರಡು ದಿನವಾಯಿತು, ಇನ್ನು ಕೆಲಸಕ್ಕೆ ಬರುವುದು ಯಾವಾಗಲೋ ಎಂದ.

ಮನೆಗೆ ಹೋದೆ. ರಸ್ತೆ ಮಟ್ಟದ ಕೋಣೆ, ಸದ್ಯ ಮೆಟ್ಟಿಲಿಲ್ಲ. ಕಿಟಕಿಯ ಹೊರಗೆ ನಿಂತೆ. ಒಳಗೆ ಕುರ್ಚಿಯಲ್ಲಿ ಕೂತಿದ್ದಳು. ಎದೆ ಮೂವತ್ತನಾಲ್ಕು. ನನ್ನ ಕಣ್ಣಳತೆ ತಪ್ಪಿದ್ದೇ ಇಲ್ಲ. ತಪ್ಪಲಿ ಎಂದು ಮೊದಲ ಸಲ ಬೇಡಿಕೊಂಡೆ.

"ಪುಟ್ಟಿ ಬರಲಿಲ್ವಾ ಅಕ್ಕ?" ನಾಲ್ಕು ಮಾತಿಗೆ ಎರಡು ಸಲ ನಿಂತಳು, ಉಸಿರಿಗೆ. "ಬೇಡ ಬಿಡಿ... ಹೆದರ್ಕೊಂಡಿರ್ತಾಳೆ."

"ಇನ್ನು ಓಡಬಹುದಾ ನೀನು? ಡಾಕ್ಟರು ಏನಂದ್ರು?"

"ಓಟ ಮುಗೀತು ಅಕ್ಕ. ನಡೀಬಹುದು... ತಿರುವಿನ ತನಕ." ನಕ್ಕಳು. ಮೂಗಿನಿಂದ ಸ್ವಲ್ಪ ಗಾಳಿ ಬಂದದ್ದಷ್ಟೇ, ನಗೆಯಲ್ಲಿ ಸದ್ದಿರಲಿಲ್ಲ.

ಅಂದರೆ ಅಕ್ಟೋಬರಿನ ಆ ಎರಡು ವಾರ ಅವಳ ಕೊನೆಯ ಓಟ. ಪುಟ್ಟಿ ಜೊತೆಗಿರಬೇಕಾಗಿದ್ದ ಓಟ.

ಹೇಳಲಿಲ್ಲ. ಅಲ್ಲಿಯೂ ಹೇಳಲಿಲ್ಲ. ಅವಳಿಗಿಂತ ಮೊದಲು ಪುಟ್ಟಿಗೆ ಹೇಳಬೇಕು.

ನವೆಂಬರ್ 22, ಭಾನುವಾರ

ಹೇಳಿದೆ. ಬೆಳಿಗ್ಗೆ ಹತ್ತಕ್ಕೆ, ಅಂಗಡಿಯಲ್ಲಿ, ನಿಂತುಕೊಂಡೇ. ಎರಡೂ ಫೋನಿನ ಮಾತು. ಆಸ್ಪತ್ರೆ. ಲೈಬ್ರರಿ ತಂದ ಸಂದೇಶ. ಇಪ್ಪತ್ತು ದಿನ ಬಚ್ಚಿಟ್ಟದ್ದು. ಏನೂ ಬಿಡಲಿಲ್ಲ.

ಪುಟ್ಟಿ ಮೊದಲು ಕೇಳಿದ್ದು ಇದು:

"ನಾನು ನಿಧಾನ ಅಂತ ಅವಳು ಹೇಳಲೇ ಇಲ್ವಾ?"

"ಇಲ್ಲ."

ಸೂಜಿಯಿಂದ ದಾರ ಎಳೆದಳು. ಸೂಜಿಯನ್ನು ಪಿನ್ ಕುಶನ್ನಿಗೆ ಚುಚ್ಚಿದಳು. ಅಂಗಿ ಮಡಿಸಿದಳು, ತೋಳಿಗೆ ತೋಳು ಸೇರಿಸಿ.

"ಒಂದು ತಿಂಗಳು ಹತ್ತು ದಿನ ಅಕ್ಕ. ದಿನಾ ಬೆಳಿಗ್ಗೆ ಅವಳಿಗೆ ಶಾಪ ಹಾಕ್ದೆ. ಅವಳು ಅಲ್ಲಿ ಉಸಿರಿಗೆ ಒದ್ದಾಡ್ತಿದ್ಲು, ನಾನಿಲ್ಲಿ 'ಸೋಮಾರಿ' ಅಂದೆ."

"ನಿನಗೇನಾದ್ರೂ ಆಗಿದ್ರೆ..."

"ನನಗೆ ಐವತ್ತೆರಡು. ಆರಲ್ಲ."

ಗೇಟಿನವರೆಗೆ ಹೋದಳು. ಬೀಗ. ಸರಳು ಹಿಡಿದು ನಿಂತಳು, ತಿರುಗಿ ನೋಡಲಿಲ್ಲ, ಕೇಳಲೂ ಇಲ್ಲ. ಸೊಂಟದಿಂದ ಬೀಗದ ಕೈ ತೆಗೆಯಲು ನನಗೆ ಎಷ್ಟು ಹೊತ್ತಾಯಿತು... ಗಂಟು ಬಿಚ್ಚಲೇ ಬರಲಿಲ್ಲ.

ನವೆಂಬರ್ 24

ಮಗ ಸಮಾಧಾನಕ್ಕೆ ಬಂದ. "ನೋಡಮ್ಮ, ಒಂದು ಲೆಕ್ಕಕ್ಕೆ ನೀನು ಮಾಡಿದ್ದು ಒಳ್ಳೇದೇ ಆಯ್ತು. ಜೊತೆಗೆ ಓಡಿದ್ರೆ ಚಿಕ್ಕಮ್ಮನಿಗೂ ತಗಲ್ತಿತ್ತೇನೋ."

ಪುಟ್ಟಿ ಭಾನುವಾರ ಹೋದದ್ದು ಮಾತ್ರೆಯ ಮನೆಗೆ, ಅವಳೂ ಅದನ್ನೇ ಹೇಳಿದಳಂತೆ.

ಒಪ್ಪಿಕೊಂಡುಬಿಟ್ಟರೆ ಎಷ್ಟು ಸುಲಭ. ಮನೆಯವರೆಲ್ಲ ನನಗೆ ಆ ದಾರಿ ಬಿಟ್ಟುಕೊಟ್ಟಿದ್ದಾರೆ. ಆದರೆ ಇಲ್ಲಿ ಯಾರೂ ಓದುವವರಿಲ್ಲ, ಬರೆಯುತ್ತೇನೆ. ರೋಗದ ಭಯ ಇತ್ತು, ನಿಜ. ಆದರೆ ಭಯವಷ್ಟೇ ಆಗಿದ್ದರೆ ಅವಳನ್ನು ಕೂರಿಸಿಕೊಂಡು ಹೇಳುತ್ತಿದ್ದೆ, ಜಗಳವಾಡುತ್ತಿದ್ದೆ. ನನಗೆ ತಡೆಯಲಾರದೆ ಹೋದದ್ದು ಆ ನಗು. ಆರನೇ ವಯಸ್ಸಿನಿಂದ ಸಾಕಿದ್ದು ನಾನು. ಹೊಟ್ಟೆ ಹಿಡಿದು ನಗಿಸಿದ್ದು ಗೇಟಿನ ಹೊರಗಿನವಳು.

ನವೆಂಬರ್ 30, ಸೋಮವಾರ

ನನ್ನ ಜೊತೆ ಮಾತಿಲ್ಲ. "ನಿಮ್ಮಜ್ಜಿಗೆ ಹೇಳು, ಊಟ ಆಯ್ತು ಅಂತ." "ನಿಮ್ಮಜ್ಜಿಗೆ ಹೇಳು, ಜ್ವರ ಇಲ್ಲ ಅಂತ." ಮೊಮ್ಮಗಳು ಅಂಚೆಯವಳಾಗಿದ್ದಾಳೆ. ಇಬ್ಬರ ನಡುವೆ ಓಡಾಡಿ ಸಾಕಾಗಿ, "ಇಬ್ರೂ ಒಂದೇ ರೂಮಲ್ಲಿ ಇದ್ದೀರಲ್ಲ!" ಎಂದು ಇವತ್ತು ಅತ್ತೇ ಬಿಟ್ಟಳು.

ತಂತಿಯ ಮೇಲೆ ಷೂ ಇಲ್ಲ. ಬಾಗಿಲ ಪಕ್ಕ ಬಂದಿದೆ.

ಡಿಸೆಂಬರ್ 5, ಶನಿವಾರ

ಮಾತ್ರೆ ನಾಳೆಯಿಂದ ನಡೆಯಬೇಕಂತೆ. ಸೊಸೆ ಹೇಳಿದಳು. ಲೈಬ್ರರಿ, ಪುಟ್ಟಿ ಇಬ್ಬರೂ ಜೊತೆಗೆ, ಓಡದೆ. ದಾರಿಯಲ್ಲಿ ಆಯಾಸವಾದರೆ ಎಲ್ಲಿ ಕೂರುವುದು? ಅಷ್ಟೂ ಯೋಚನೆ ಇಲ್ಲ ಇವರಿಗೆ.

ಮಷೀನಿನ ಸ್ಟೂಲು ಒಂದನ್ನು ಒರೆಸಿಟ್ಟೆ. ಹಗುರದ್ದು.

ಡಿಸೆಂಬರ್ 6, ಭಾನುವಾರ. ಬೆಳಿಗ್ಗೆ 8

ಆರಕ್ಕೆ ಗೇಟಿನ ಬೀಗ ತೆಗೆದೆ. ಬೀಗವನ್ನು ದಾರದ ಬಾಬಿನ್ ಇಡುವ ಹಳೆಯ ಡಬ್ಬಿಗೆ ಹಾಕಿ ಮುಚ್ಚಿದೆ. ಬೀಗದ ಕೈ ಬಾಗಿಲ ಪಕ್ಕದ ಮೊಳೆಯ ಮೇಲೆ, ಎಲ್ಲರ ಕೈಗೆಟಕುವ ಹಾಗೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಸ್ಟೂಲು ಎತ್ತಿಕೊಂಡು ಹೊರಟೆ.

ಮಾತ್ರೆಯ ಮನೆ ಮುಂದೆ ನನ್ನನ್ನು ಕಂಡು ಪುಟ್ಟಿ ಮುಖ ತಿರುಗಿಸಿದಳು. ಮಾತ್ರೆ ಸ್ಟೂಲು ನೋಡಿದಳು.

"ತಪ್ಪು ನನ್ನದಮ್ಮ," ಎಂದೆ. ಅರವತ್ತೇಳು ವರ್ಷದಲ್ಲಿ ಯಾರಿಗೂ ಅನ್ನದ ಮಾತು. ನಾಲಿಗೆಗೆ ರೂಢಿಯಿಲ್ಲ, ಒರಟಾಗಿ ಬಂತು.

"ಗೊತ್ತು ಅಕ್ಕ..." ಉಸಿರು ಎಳೆದುಕೊಂಡಳು. "ತಪ್ಪಿನ ಅಳತೆ ಆಮೇಲೆ. ಮೊದಲು ನಡೀರಿ."

ಮಂಜು. ಮುಂದೆ ಲೈಬ್ರರಿ, ಹತ್ತು ಹೆಜ್ಜೆ ಹಿಂದೆ ಪುಟ್ಟಿ, ಹತ್ತು ಹೆಜ್ಜೆ ಹಿಂದೆ ಮಾತ್ರೆ. ಕೊನೆಗೆ ಸ್ಟೂಲು ಹಿಡಿದು ನಾನು. ಕಾಲಡಿಯಲ್ಲಿ ಒದ್ದೆ ಎಲೆ. ಮೊಮ್ಮಗಳಿಗೆಂದು ಒಂದು ಎತ್ತಿಕೊಂಡೆ. ಮಾತ್ರೆ ಎರಡು ಸಲ ಕೂತಳು. ಮುಂದಿನವರು ನಮ್ಮ ಕಣ್ಣಿಗೆ ಮರೆಯಾದರು.

ತಿರುವು ಬಂತು.

"ಇದ್ದೀನಿ!" ಲೈಬ್ರರಿ.

"ಇದ್ದೀನಿ!" ಪುಟ್ಟಿ.

ಮಾತ್ರೆ ಗೋಡೆಗೆ ಕೈಯೂರಿ ನಿಂತಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದಳು. ಮುಂದೆ ಹೆಜ್ಜೆ ಸದ್ದು ನಿಂತಿತು. ಕಾಯುತ್ತಿದ್ದಾರೆ. ಅವಳು ನನ್ನ ಕಡೆ ನೋಡಿದಳು.

ಕೂಗಿದೆ. ಬೀದಿಯಲ್ಲಿ ನಿಂತು, ಎದೆ ತುಂಬಿ, ಮಾಸ್ಕಿನೊಳಗಿಂದಲೇ.

"ಇದ್ದಾಳೇ!"

ಎದುರು ಮನೆಯ ಕಿಟಕಿ ತೆರೆಯಿತು. ತೆರೆಯಲಿ.

ಆಮೇಲೆ ಮಂಜಿನಿಂದ ಪುಟ್ಟಿಯ ದನಿ. ಹದಿನಾಲ್ಕು ದಿನದ ಮೇಲೆ, ನನಗೇ ಎಂದು, ನೇರವಾಗಿ.

"ಮತ್ತೆ ನೀನು?"

ಸ್ಟೂಲು ಕೆಳಗಿಟ್ಟೆ. ನಾನೂ ಕೂಗಿದೆ.