ಅಂಗೈಯ ಕರಿಪುಡಿ

ಅತ್ತೀ,

ನಿಮ್ಮ ಸೊಸೆ ಮಾದೇವಿಯ ಶರಣಾರ್ಥಿ. ನಾನು ರೊಟ್ಟಿ ಸೀಯಿಸಿದಾಗಲೆಲ್ಲ "ಇದನ್ನ ಕಲಿಸಿದ್ರೇನವಾ ನಿಮ್ಮ ಸಾಲ್ಯಾಗ?" ಅಂತ ಕೆಣಕುತ್ತಿದ್ದಿರಿ. ಆ ಸಾಲಿ ಇವತ್ತು ಉಪಯೋಗಕ್ಕೆ ಬಂತು ನೋಡಿ. ಬಾಯಲ್ಲಿ ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ದರಿಬಡಚಿಗೆ ನಡೆಯಲು ಬಂದ ಹೊಸತರಲ್ಲಿ ನನ್ನ ದವಡೆ ಹಲ್ಲು ನೋಯುತ್ತಿತ್ತು. ನೀವು ಹಂಚಿನ ಮೇಲೆ ತಂಬಾಕು ಕರ್ರಗೆ ಹುರಿದು, ಮನೆಮಂದಿಯನ್ನೆಲ್ಲ ಕೆಮ್ಮಿಸಿ, ಪುಡಿ ಮಾಡಿ, ಆ ಮಿಸ್ರಿ ಒಂದು ಚಿಟಿಕೆ ನನ್ನ ಅಂಗೈಗೆ ಹಾಕಿದಿರಿ. "ತಗೋವಾ, ಹಲ್ಲಿಗಿ ತಿಕ್ಕೋ. ಬ್ಯಾನಿ ಲಗೂನ ಇಳೀತೈತಿ." ತಲೆ ತಿರುಗಿ ಗೋಡೆಗೆ ಒರಗಿದೆ. ನೀವು ಬಿದ್ದು ಬಿದ್ದು ನಕ್ಕಿರಿ. ಅಲ್ಲಿಂದ ದಿನಾ ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಇಬ್ಬರೂ ಹಲ್ಲು ತಿಕ್ಕುತ್ತ ಕೂರುವುದು. ಅಷ್ಟು ಹೊತ್ತು ನೀವು ಅತ್ತೆಯಲ್ಲ, ನಾನು ಸೊಸೆಯಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ವಿಷ ಅಂತ ಹೇಗೆ ಕರೆಯಲಿ? ಆದರೂ ಅದು ವಿಷವೇ, ಅತ್ತೀ.

ನಿಮ್ಮ ಕೆನ್ನೆಯೊಳಗೆ ಹುಣ್ಣಾದಾಗ ಉಷ್ಣ ಅಂದುಕೊಂಡೆವು, ತುಪ್ಪ ಹಚ್ಚಿದೆವು. ಅಮಾವಾಸ್ಯೆಗೊಮ್ಮೆ ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋದಿರಿ. ರೊಟ್ಟಿ ಚುಚ್ಚತೊಡಗಿದ ಮೇಲೆ ಜತ್ತದ ದವಾಖಾನೆಗೆ ಹೋದೆವು. ಡಾಕ್ಟರು "ಕಾಹೀ ವ್ಯಸನ ಆಹೇ ಕಾ?" ಅಂತ ಮರಾಠಿಯಲ್ಲಿ ಕೇಳಿದರು, ಏನಾದರೂ ಚಟ ಇದೆಯಾ ಅಂತ. ಚಟ ಅಂದದ್ದೇ ತಡ, ನೀವು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿರಿ. "ಚಟಾ? ನಾವು ಲಿಂಗವಂತ್ರು ರೀ ಸಾಹೇಬ್ರ. ನಮ್ಮ ಮನ್ಯಾಗ ಗಂಡಸರೂ ಶೆರೆ ಮುಟ್ಟಂಗಿಲ್ಲ!" ನೀವು ಸುಳ್ಳು ಹೇಳಲಿಲ್ಲ. ತಂಬಾಕು ಗಂಡಸರದು, ಮಿಸ್ರಿ ಹಲ್ಲು ತಿಕ್ಕುವ ಪುಡಿ. ಅದನ್ನು ತಿಕ್ಕಿ, ಬಾಯಿ ಮುಕ್ಕಳಿಸಿ, ಜಳಕ ಮಾಡಿ ಲಿಂಗಪೂಜೆಗೆ ಕೂರುತ್ತಿದ್ದವರಿಗೆ ಅದೂ ಚಟ ಅಂತ ಯಾರು ಹೇಳಿಕೊಟ್ಟಿದ್ದರು? ಮುಲಾಮು ತಗೊಂಡು ಮನೆಗೆ ಬಂದೆವು. ಮರುದಿನ ಬೆಳಗ್ಗೆ ಮತ್ತೆ ಅದೇ ಕಟ್ಟೆ, ಅದೇ ಪುಡಿ.

ಹುಣ್ಣು ನಾರತೊಡಗಿದ ಆ ಬೇಸಗೆ ನೆನೆದರೆ ನನಗೆ ಈಗಲೂ ಊರಿನ ಮೇಲೆ ಸಿಟ್ಟು ಬರುತ್ತದೆ. "ಸೊಸಿಗಿ ಬೈದ ಬಾಯಿ, ಹುಳಾ ಬಿತ್ತು" ಅಂತ ಓಣಿಯ ಹೆಂಗಸರು ಆಡಿಕೊಂಡರು. ಬೈಸಿಕೊಂಡವಳು ನಾನು, ಇವರಿಗೇನು ಉರಿ? ಮಿರಜಿನ ದೊಡ್ಡ ದವಾಖಾನೆಗೆ ಒಯ್ದಾಗ, ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗ ಅಲ್ಲ ಅಂತ ಅಲ್ಲಿನ ಡಾಕ್ಟರು ಹೇಳಿದರೂ ನೀವು ಕೇಳಲಿಲ್ಲ. ತಾಟು, ತಂಬಿಗೆ ಎತ್ತಿಕೊಂಡು ದನಗಳ ಹತ್ತಿರ ಹೋಗಿ ಕೂತಿರಿ. ಮೊಮ್ಮಗಳು ಕೈ ಚಾಚಿದರೆ ಬಾಯಿಗೆ ಸೆರಗು ಒತ್ತಿಕೊಂಡು "ಬ್ಯಾಡ, ಕೂಸಿಗಿ ಹತ್ತೀತು" ಅನ್ನುತ್ತಿದ್ದಿರಿ. ಹಾಗೆ ಮುಖ ಮುಚ್ಚಿಕೊಂಡೇ ಹೋದಿರಿ. ಪರಊರಿಂದ ಮಣ್ಣಿಗೆ ಬಂದವರಿಗೆಲ್ಲ ನಿಮ್ಮ ಮಗ ಹೇಳಿದ್ದು, ಹೊಟ್ಟೆನೋವು ಅಂತ.

ಮೊನ್ನೆ ಸಾಲಿಯಲ್ಲಿ ಬಾಯಿ ತಪಾಸಣೆ ಇತ್ತು. ಆಶಾ ಕಾರ್ಯಕರ್ತೆ ಮನೆಮನೆಗೆ ತಿರುಗಿ ಹೆಂಗಸರನ್ನು ಕೂಡಿಸಿದ್ದಳು. "ನಮಗ್ಯಾವ ಚಟಾನೂ ಇಲ್ರಿ" ಅಂದರು ಎಲ್ಲರೂ. ಹಲ್ಲು ನೋಡಿದರೆ ಹಂಚಿನ ತಳ! ಮೊದಲು ನಗು ಬಂತು, ಆಮೇಲೆ ನಿಮ್ಮ ಬಾಯಿ ನೆನಪಾಯಿತು. ನಾನು ಎದ್ದು ನಿಂತೆ. "ನನಗ ಐತ್ರಿ. ದಿನಾ ಮಿಸ್ರಿ ತಿಕ್ಕತೀನಿ. ನಮ್ಮತ್ತಿ ಸತ್ತದ್ದೂ ಇದರಿಂದನ, ಬಾಯಿ ಕ್ಯಾನ್ಸರಿನಿಂದ." ಡಾಕ್ಟರಮ್ಮ ಬ್ಯಾಟರಿ ಹಾಕಿ ನೋಡಿದಳು. ನನ್ನ ಕೆನ್ನೆಯೊಳಗೂ ಬಿಳಿ ಕಲೆ. ಮಿರಜಿಗೆ ಹೋಗಿ ತೋರಿಸಲೇಬೇಕಂತೆ.

ಮನೆಗೆ ಬಂದಾಗ ನಿಮ್ಮ ಮಗ ಬಾಗಿಲಲ್ಲೇ ನಿಂತಿದ್ದರು. "ಸತ್ತ ನಮ್ಮವ್ವನ ಹೆಸರು ಯಾಕ ತಗದಿ? ನಾಳಿ ಮಗಳ್ನ ಯಾರ್ ಮಾಡ್ಕೋತಾರ?" ನಾನೂ ಬಿಡಲಿಲ್ಲ. "ಮಗಳಿಗಿ ತಾಯಿ ಬೇಕೋ, ಮರ್ಯಾದಿ ಬೇಕೋ?" ಅಂದೆ. ಊಟ ಬಿಟ್ಟು ಹೊರಗೆ ಹೋದರು. ಮಿಸ್ರಿ ಬಿಡುವುದೂ ಸುಲಭ ಅಲ್ಲ ಅತ್ತೀ. ತಲೆ ಸಿಡಿಯುತ್ತದೆ, ಎಲ್ಲರ ಮೇಲೂ ಹರಿಹಾಯುತ್ತೇನೆ. ನಿನ್ನೆ ತಡೆಯಲಾರದೆ ಒಂದು ಚಿಟಿಕೆ ಹಚ್ಚಿಯೇಬಿಟ್ಟೆ, ಆಮೇಲೆ ಕಣ್ಣೀರು ಹಾಕಿದೆ. ಇವತ್ತು ಮುಟ್ಟಿಲ್ಲ. ನಾಳೆ...

ಇವತ್ತು ಬೆಳಗ್ಗೆ ಮೊದಲ ಬಸ್ಸಿಗೆ ಮಾಡಗ್ಯಾಳದಿಂದ ಶಾಂತಾ ಬಂದಳು. ಹೌದು, ನಿಮ್ಮ ಮಗಳು. ಸಾಲಿಯಲ್ಲಿ ನಾನು ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಒಳಗೆ ಕರೆದು, ಕಿಟಕಿಯ ಬೆಳಕಿಗೆ ತಿರುಗಿ ಬಾಯಿ ತೆರೆದಳು. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ನನ್ನದು ಬರೀ ಕಲೆ. ಅವಳದು ಹುಣ್ಣು, ದೊಡ್ಡದು. "ವೈನೀ, ನಮ್ಮತ್ತಿ ಮನ್ಯಾಗ ಗೊತ್ತಾದ್ರ ಹೊಳ್ಳಿ ಕರಕೊಳ್ಳಂಗಿಲ್ಲ" ಅಂತ ನನ್ನ ಕೈ ಹಿಡಿದುಕೊಂಡು ಅತ್ತಳು. ಹಿಂದೆ ನಿಮ್ಮ ಮಗ ನಿಂತಿದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ನಾಳೆ ನಾನು, ಶಾಂತಾ, ನಿಮ್ಮ ಮಗ, ಮೂವರೂ ಮಿರಜಿಗೆ ಹೋಗುತ್ತೇವೆ. ಅವಳನ್ನು ಒಬ್ಬಳೇ ಬಿಡುವುದಿಲ್ಲ, ಇದು ನನ್ನ ಮಾತು. ಶಾಂತಾ ಈಗ ಒಳಗೆ ಮಲಗಿದ್ದಾಳೆ. ನಿಮ್ಮ ಮಗ ಅಂಗಳದಲ್ಲಿ ನಿಂತು ಮಾಡಗ್ಯಾಳದ ಬೀಗರಿಗೆ ಫೋನ್ ಹಚ್ಚಿದ್ದಾರೆ. ದನಿ ಇಡೀ ಓಣಿಗೆ ಕೇಳುವಷ್ಟು ಜೋರಾಗಿದೆ.

"ಹೌದ್ರಿ, ಕ್ಯಾನ್ಸರ್ ಇರಬಹುದ್ರಿ. ತಪ್ಪು ಆಕೀದಲ್ಲ. ನಮ್ಮವ್ವನೂ ಅದರಿಂದನ ಹೋದ್ಳು."