ಇದಿರ್ ಪುಸ್ತಕದಲ್ಲಿ ನಮ್ಮ ಪುಟ

ಹವಾಸಾ, ತಿಕಿಮ್ತ್ 16, ಭಾನುವಾರ

ಸೇರಿಸಿಕೊಂಡರು! ಬಾಡಿಗೆ ಕೋಣೆಯ ನಮ್ಮನ್ನೂ ಕೇರಿಯ ಇದಿರ್‌ಗೆ ಸೇರಿಸಿಕೊಂಡರು!

ಹೋದ ತಿಂಗಳು ನಮ್ಮ ಫ್ಯಾಕ್ಟರಿಯ ಹೊಲಿಗೆ ಸಾಲಿನ ಮಿಹಿರೆತ್ ತೀರಿಕೊಂಡಳು. ಸಾವಿನ ಮನೆಗೆ ಡೇರೆ, ಅಡುಗೆ, ಹೆಗಲು ಎಲ್ಲ ಕೊಡುವ ಸಂಘ ಈ ಇದಿರ್. ಅವಳು ಸದಸ್ಯೆಯಲ್ಲ ಅಂತ ಒಬ್ಬರೂ ಬರಲಿಲ್ಲ. ಅದು ಎದೆಯಲ್ಲಿ ಕೊರೆಯುತ್ತಲೇ ಇತ್ತು.

ಇವತ್ತಿನ ಸಭೆಯಲ್ಲೂ ಅಧ್ಯಕ್ಷರು ಲಂಕಾಮೊ ಅದೇ ರಾಗ ತೆಗೆದರು; ಹಿರಿಯರು ಅಂತ ಎಲ್ಲರೂ ಅವರನ್ನ 'ಗಾಶೆ' ಅಂತಾರೆ. "ಫ್ಯಾಕ್ಟರಿ ಹುಡುಗ್ರು ನೀವು. ಸಾವಾದಾಗ ಗೇಟಿಂದ ಬಿಡ್ತಾರಾ ನಿಮ್ಮನ್ನ? ಹೆಣ ನಿಮ್ಮ ರಜಾ ಕಾಯ್ಕೊಂಡು ಮಲಗಿರ್ಬೇಕಾ?"

ಎಲ್ಲರೂ ನಕ್ಕರು. ನಾನು ಎದ್ದೇಬಿಟ್ಟೆ. "ನಮ್ದು ಮೂರು ಪಾಳಿ, ಗಾಶೆ. ಯಾವ ಹೊತ್ತಲ್ಲಿ ಸತ್ರೂ ಎರಡು ಪಾಳಿಯವ್ರು ಕೇರೀಲೇ ಇರ್ತೀವಿ. ನಿಮ್ಮ ಗಂಡುಮಕ್ಕಳು ಹಗಲೆಲ್ಲ ಎಲ್ಲಿರ್ತಾರೆ, ಹೇಳಿ ನೋಡೋಣ?"

"ಬೀರ್ ಅಂಗಡೀಲಿ!" ಅಂತ ಹಿಂದಿನಿಂದ ಕೇರಿಯ ಹಿರಿಯಕ್ಕ ಎತೆಯೆ ದಿಂಕೆ ಕೂಗಿದರು. ನಗು ಗಾಶೆ ಕಡೆ ತಿರುಗಿತು.

ಗಾಶೆ ಸೋತು ಇದಿರ್ ಪುಸ್ತಕ ಬಿಚ್ಚಿದರು. ಮನೆಗೊಂದು ಪುಟ. "ಹೇಳಪ್ಪಾ, ನಿನ್ನ ಮನೆಯವ್ರ ಹೆಸರು?"

ಹೆಂಡತಿ ಇಲ್ಲ. ಅಪ್ಪ, ಅಮ್ಮ ಎರಡು ದಿನದ ದಾರಿಯಲ್ಲಿದ್ದಾರೆ. ಪಾಳಿಗೊಬ್ಬರಂತೆ ನನ್ನ ಜೊತೆ ಒಂದೇ ಹಾಸಿಗೆ ಹಂಚಿಕೊಳ್ಳುವ ತುಮಿಸೊ, ಗೆನೆಟೊ ಹೆಸರು ಹೇಳಿದೆ. ಪೆನ್ನು ನಿಂತಿತು.

"ಇವ್ರು ನಿಂಗೆ ಏನಾಗ್ಬೇಕು?"

"ನಾನು ಸತ್ರೆ ಹೊರೋರು, ಗಾಶೆ."

 ಅವರು ಮೂವರನ್ನೂ ಒಂದೇ ಪುಟದಲ್ಲಿ ಬರೆದರು.

ತುಮಿಸೊ ಈಗ ಪಾಳಿ ಮುಗಿಸಿ ಬಂದ. ಹಾಸಿಗೆ ಬಿಡೋ ಅಂತ ಕಾಲಲ್ಲಿ ಒದೆಯುತ್ತಿದ್ದಾನೆ. ಪೆದ್ದ, ಅವನಿಗೆ ಇನ್ನೂ ಗೊತ್ತೇ ಇಲ್ಲ, ತಾನು ಈಗ ನನ್ನ ಮನೆಯವನು ಅಂತ.